ಗಲಾಪಗೋಸ್ ಜ್ವಾಲಾಮುಖಿ ದ್ವೀಪಗಳಲ್ಲಿ ವನ್ಯಜೀವಿ ನೌಕಾಯಾನ: ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ವಿಜಯಪುರದ ಎರೆಹೊಲದಲ್ಲಿ ಬಾವಿ ತೋಡಿಸಿದವರೆಲ್ಲ ಆ ಕಲ್ಲನ್ನು ಕಂಡಿರುತ್ತಾರೆ. ಮೇಲೆ ಕರಿಮಣ್ಣು, ಅದರ ಕೆಳಗೆ ಗರಸು, ಗರಸು ದಾಟಿದ ಮೇಲೆ ಸುತ್ತಿಗೆಗೂ ಸುಲಭವಾಗಿ ಜಗ್ಗದ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದೊಳಗಿಂದ ಉಕ್ಕಿ, ಪದರದ ಮೇಲೆ ಪದರವಾಗಿ ಹರಡಿ ಆರಿದ ಲಾವಾ ಅದು. ಗೋಳಗುಮ್ಮಟವನ್ನು ಕಟ್ಟಿದ್ದು ಆ ಕಲ್ಲಿನಿಂದ. ನಮ್ಮ ಬಿಳಿಜೋಳ ಬೆಳೆಯುವುದು ಆ ಕಲ್ಲು ಸವೆದು ಆದ ಮಣ್ಣಿನಲ್ಲಿ. ಲಾವಾ ಇನ್ನೂ ಮಣ್ಣಾಗದೆ ಇರುವಾಗ ಹೇಗಿರುತ್ತದೆ, ಅದರ ಮೇಲೆ ಜೀವ ಹೇಗೆ ಕಾಲೂರುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆಂದರೆ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಿಗೆ ಹೋಗಬೇಕು. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಸೇರಿದ ಈ ದ್ವೀಪಗಳು ಅದರ ಕರಾವಳಿಯಿಂದ ಸುಮಾರು 1000 ಕಿಲೋಮೀಟರ್ ದೂರದಲ್ಲಿವೆ. 1835ರ ಸೆಪ್ಟೆಂಬರ್‌ನಲ್ಲಿ ಚಾರ್ಲ್ಸ್ ಡಾರ್ವಿನ್ ಬಂದಿಳಿದು ಐದು ವಾರ ಸುತ್ತಾಡಿದ್ದು ಇಲ್ಲಿಯೇ.

ಕಾಲೇಜಿನಲ್ಲಿ ವರ್ಷಗಟ್ಟಲೆ ಪ್ರಾಣಿಶಾಸ್ತ್ರದ ಪಾಠ ಹೇಳಿ, ನಿವೃತ್ತಿಯ ನಂತರ ಹೆಂಡತಿಯೊಂದಿಗೆ ಅಲ್ಲಿಗೆ ಎಂಟು ದಿನಗಳ ನೌಕಾಯಾನ ಮಾಡಿ ಬಂದವನು ನಾನು. ಬಂದ ಮೇಲೆ ನಮ್ಮ ಭಾಗದ ಹಲವರು ಕೇಳಿದ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹೆಚ್ಚಿನವರು ಮೊದಲು ಕೇಳುವುದು ಯಾವ ಹಡಗು ಒಳ್ಳೆಯದು ಎಂದು. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಾವ ಜೀವಿಯನ್ನು ನೋಡಬೇಕು ಎಂಬುದರಿಂದ ತಿಂಗಳು ನಿರ್ಧಾರವಾಗುತ್ತದೆ, ಜೀವಿ ಮತ್ತು ತಿಂಗಳಿನಿಂದ ದ್ವೀಪ, ದ್ವೀಪದಿಂದ ಮಾರ್ಗ. ಆ ಮಾರ್ಗದಲ್ಲಿ ಹೋಗುವ ಹಡಗುಗಳಲ್ಲಿ ನಮ್ಮ ಕೈಗೆಟಕುವುದನ್ನು ಆರಿಸುವುದು ಆಮೇಲಿನ ಕೆಲಸ.

ಮೊದಲ ಹೆಜ್ಜೆ: ಜೀವಿ ಮತ್ತು ತಿಂಗಳು

ಗಲಾಪಗೋಸ್ ಸಮಭಾಜಕ ವೃತ್ತದ ಮೇಲೆಯೇ ಇದ್ದರೂ ಅಲ್ಲಿನ ಕಡಲು ವರ್ಷವಿಡೀ ಬೆಚ್ಚಗಿರುವುದಿಲ್ಲ. ಜೂನ್‌ನಿಂದ ಡಿಸೆಂಬರ್‌ವರೆಗೆ ದಕ್ಷಿಣದಿಂದ ಬರುವ ಹಂಬೋಲ್ಟ್ ಶೀತಪ್ರವಾಹದ ಪ್ರಭಾವ ಹೆಚ್ಚಿ ನೀರು ತಣ್ಣಗಾಗುತ್ತದೆ, ಆಕಾಶ ಮಂಕಾಗಿರುತ್ತದೆ, ಎತ್ತರದ ಪ್ರದೇಶಗಳಲ್ಲಿ ಗರೂವಾ ಎಂದು ಕರೆಯುವ ಜಿಟಿಜಿಟಿ ಮಂಜುಮಳೆ ಹಿಡಿಯುತ್ತದೆ. ಜನವರಿಯಿಂದ ಮೇ ತಿಂಗಳವರೆಗೆ ಬಿಸಿಲು, ನಡುನಡುವೆ ಜೋರು ಮಳೆ, ಬೆಚ್ಚನೆಯ ಮತ್ತು ಹೆಚ್ಚು ಶಾಂತವಾದ ಕಡಲು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅಲೆಗಳು ದೊಡ್ಡವು. ಕಡಲನ್ನೇ ಹೆಚ್ಚಾಗಿ ಕಾಣದ ನಮ್ಮಂಥ ಬಯಲುಸೀಮೆಯವರು ಮೊದಲ ಪ್ರವಾಸಕ್ಕೆ ಆ ತಿಂಗಳುಗಳನ್ನು ಬಿಡುವುದು ಒಳ್ಳೆಯದು.

ಶೀತಪ್ರವಾಹ ಬಂದಾಗ ಅದರ ಜೊತೆ ಪೋಷಕಾಂಶ, ಅದರಿಂದ ಪಾಚಿ, ಪಾಚಿಯಿಂದ ಮೀನು, ಮೀನಿನ ಹಿಂದೆ ಕಡಲಹಕ್ಕಿಗಳು ಬರುತ್ತವೆ. ಆದ್ದರಿಂದ ನೀಲಿಗಾಲಿನ ಬೂಬಿ ಹಕ್ಕಿಗಳ ಪ್ರಣಯನೃತ್ಯ, ನೀರಿನಡಿಯ ಮೀನುಗಳ ದಟ್ಟಣೆ ಇವುಗಳಿಗೆ ತಂಪಿನ ಕಾಲ ಒಳ್ಳೆಯದು. ಹಸಿರು ಕಡಲಾಮೆಗಳು ಮರಳಿಗೆ ಬಂದು ಮೊಟ್ಟೆಯಿಡುವುದನ್ನು, ಹಸಿರುಗೊಂಡ ಗುಡ್ಡಗಳನ್ನು ನೋಡಬೇಕೆನ್ನುವವರಿಗೆ ವರ್ಷದ ಮೊದಲ ತಿಂಗಳುಗಳು ಸರಿ. ಕಡಲ ಸಿಂಹ, ಕಡಲ ಇಗ್ವಾನಾ ಎಂಬ ದೊಡ್ಡ ಹಲ್ಲಿ, ದೈತ್ಯ ಆಮೆ ಇವು ಯಾವ ತಿಂಗಳಲ್ಲಿ ಹೋದರೂ ಸಿಗುತ್ತವೆ.

ಅಲೆಗೆರೆಯ ಆಲ್ಬಟ್ರಾಸ್ ಮಾತ್ರ ಹಾಗಲ್ಲ. ಎರಡು ಮೀಟರಿಗೂ ಮಿಕ್ಕಿದ ರೆಕ್ಕೆಯಗಲದ ಈ ಹಕ್ಕಿ ಜಗತ್ತಿನಲ್ಲಿ ಬಹುಮಟ್ಟಿಗೆ ಎಸ್ಪಾನ್ಯೋಲಾ ಎಂಬ ಒಂದೇ ದ್ವೀಪದಲ್ಲಿ ಮರಿ ಮಾಡುತ್ತದೆ. ಏಪ್ರಿಲ್ ಸುಮಾರಿಗೆ ಬಂದು, ಮರಿಗಳು ಹಾರುವಂತಾದ ಮೇಲೆ ಡಿಸೆಂಬರ್ ಹೊತ್ತಿಗೆ ಎಲ್ಲವೂ ಕಡಲಿಗೆ ಹೋಗಿಬಿಡುತ್ತವೆ. ನಮ್ಮ ಪ್ರವಾಸವನ್ನು ಹೊಂದಿಸಿಕೊಟ್ಟ ಏಜೆಂಟರು ತೋರಿಸಿದ ಕೈಪಿಡಿಯ ಮುಖಪುಟದಲ್ಲಿ ಇದೇ ಹಕ್ಕಿಯ ಚಿತ್ರವಿತ್ತು. ವರ್ಷವಿಡೀ ಇರುತ್ತದೆ ಎಂದು ಅವರು ಖಚಿತವಾಗಿಯೇ ಹೇಳಿದ್ದರು. ನಾವು ಹೋದದ್ದು ಫೆಬ್ರವರಿಯಲ್ಲಿ. ಎಸ್ಪಾನ್ಯೋಲಾದ ಪುಂತಾ ಸುವಾರೆಜ್‌ನಲ್ಲಿ ಮಾರ್ಗದರ್ಶಿ ನಮ್ಮನ್ನು ಬಂಡೆಯ ಅಂಚಿಗೆ ಕರೆದೊಯ್ದು, ಭಾರವಾದ ಆ ಹಕ್ಕಿಗಳು ಓಡಿ ಬಂದು ಗಾಳಿಗೆ ಮೈಯೊಡ್ಡುವ ಜಾಗವನ್ನು ತೋರಿಸಿದರು. ಕಲ್ಲು, ಒಣಹುಲ್ಲು, ಕೆಳಗೆ ಅಪ್ಪಳಿಸುವ ನೀರು. ಒಂದು ಹಕ್ಕಿಯೂ ಇರಲಿಲ್ಲ. ಪ್ರಾಣಿಶಾಸ್ತ್ರ ಓದಿದ ನಾನೇ ತಿಂಗಳನ್ನು ತಾಳೆ ನೋಡದೆ ಹಣ ಕಟ್ಟಿದ್ದೆ. ಆದ್ದರಿಂದ ಬಹಳ ಆಸೆಪಟ್ಟು ಕಾಣಬೇಕೆಂದಿರುವ ಎರಡು ಮೂರು ಜೀವಿಗಳ ಹೆಸರನ್ನು ಮೊದಲು ಬರೆದುಕೊಂಡು, ಅವು ಯಾವ ದ್ವೀಪದಲ್ಲಿ ಯಾವ ತಿಂಗಳು ಇರುತ್ತವೆ ಎಂಬುದನ್ನು ನೀವೇ ಹುಡುಕಿ ಖಚಿತಪಡಿಸಿಕೊಳ್ಳಿ.

ಎರಡನೆಯ ಹೆಜ್ಜೆ: ಮಾರ್ಗವನ್ನು ಆರಿಸುವುದು

ಈ ದ್ವೀಪಗಳು ಹುಟ್ಟಿದ ಬಗೆಯನ್ನು ಅರ್ಥ ಮಾಡಿಕೊಂಡರೆ ಮಾರ್ಗದ ಆಯ್ಕೆ ಸುಲಭವಾಗುತ್ತದೆ. ಭೂಮಿಯ ಒಳಗೆ ಒಂದೆಡೆ ನೆಲೆನಿಂತ ಬಿಸಿಚುಕ್ಕೆಯಿಂದ ಲಾವಾ ಉಕ್ಕುತ್ತದೆ. ಅದರ ಮೇಲಿನ ನಾಜ್ಕಾ ಶಿಲಾಫಲಕ ವರ್ಷಕ್ಕೆ ಕೆಲವೇ ಸೆಂಟಿಮೀಟರ್‌ಗಳಷ್ಟು ಪೂರ್ವದ ಕಡೆಗೆ ಸರಿಯುತ್ತದೆ. ಆದ್ದರಿಂದ ಪೂರ್ವದ ಎಸ್ಪಾನ್ಯೋಲಾ, ಸಾನ್ ಕ್ರಿಸ್ತೋಬಾಲ್ ದ್ವೀಪಗಳು ಹಳೆಯವು, ಸವೆದು ತಗ್ಗಾದವು. ಪಶ್ಚಿಮದ ಇಸಬೇಲಾ ಮತ್ತು ಫರ್ನಾಂಡಿನಾ ಎಳೆಯವು, ಇಂದಿಗೂ ಸಿಡಿಯುವಂಥವು. ಇಸಬೇಲಾದ ವೂಲ್ಫ್ ಜ್ವಾಲಾಮುಖಿ 2022ರ ಜನವರಿಯಲ್ಲಿ, ಫರ್ನಾಂಡಿನಾದ ಲಾ ಕುಂಬ್ರೆ 2024ರ ಮಾರ್ಚ್‌ನಲ್ಲಿ ಸಿಡಿದವು. ನಮ್ಮ ದಖ್ಖನ್ ಲಾವಾಕ್ಕೂ ಇಂಥದೇ ಒಂದು ಬಿಸಿಚುಕ್ಕೆ ಕಾರಣವೆಂದು ಭೂವಿಜ್ಞಾನಿಗಳಲ್ಲಿ ಹಲವರು ಹೇಳುತ್ತಾರೆ. ಅದು ಇಂದು ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದ ಕೆಳಗಿದೆ.

ಒಂದು ಹಡಗು 14 ದಿನಗಳ ಒಳಗೆ ಒಂದೇ ಭೇಟಿತಾಣಕ್ಕೆ ಮರಳಿ ಹೋಗದಂತೆ ಗಲಾಪಗೋಸ್ ರಾಷ್ಟ್ರೀಯ ಉದ್ಯಾನದ ಆಡಳಿತವು 2012ರಿಂದ ನಿಯಮ ಮಾಡಿದೆ. ಹೀಗಾಗಿ ಪ್ರತಿ ಹಡಗಿಗೂ ಎರಡು ವಾರಗಳ ಒಂದು ಸುತ್ತು ನಿಗದಿಯಾಗಿರುತ್ತದೆ. ಅದನ್ನು ನಾಲ್ಕು, ಐದು, ಎಂಟು ದಿನಗಳ ತುಂಡುಗಳಾಗಿ ಮಾರುತ್ತಾರೆ. ಒಂದೇ ಹಡಗಿನಲ್ಲಿ ಒಂದೇ ದರ ಕೊಟ್ಟ ಇಬ್ಬರು ಬೇರೆ ಬೇರೆ ವಾರಗಳಲ್ಲಿ ಹೋಗಿ ಬೇರೆಯೇ ದ್ವೀಪಗಳನ್ನು ನೋಡಿ ಬರುವುದು ಇದರಿಂದಲೇ. ಹಣ ಕಟ್ಟುವ ಮೊದಲು ಬೆಳಿಗ್ಗೆ ಎಲ್ಲಿ, ಮಧ್ಯಾಹ್ನ ಎಲ್ಲಿ ಎಂಬ ದಿನವಾರು ಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಪಶ್ಚಿಮದ ಮಾರ್ಗವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಅಲ್ಲಿ ಆಳದ ಕ್ರಾಮ್‌ವೆಲ್ ಪ್ರವಾಹವು ದ್ವೀಪಗಳಿಗೆ ಬಡಿದು ತಣ್ಣೀರನ್ನು ಮೇಲಕ್ಕೆ ತರುವುದರಿಂದ ಗಲಾಪಗೋಸ್ ಪೆಂಗ್ವಿನ್ ಮತ್ತು ಹಾರಲಾಗದ ನೀರುಕಾಗೆ ಬದುಕಿವೆ. ನಮ್ಮ ಕೆರೆಗಳಲ್ಲಿ ಬೋಳು ಮರದ ಮೇಲೆ ರೆಕ್ಕೆ ಹರಡಿ ಒಣಗಿಸುವ ನೀರುಕಾಗೆಯನ್ನು ನೋಡಿದವರಿಗೆ ಅದರ ದೂರದ ದಾಯಾದಿಯ ಮೋಟು ರೆಕ್ಕೆಗಳು ಮನಸ್ಸಿಗೆ ನಾಟುತ್ತವೆ: ಈಜಿ ಬಂದು ಬಂಡೆ ಏರಿ, ಹಾರಾಟಕ್ಕೆ ಬಾರದ ಆ ತುಂಡು ರೆಕ್ಕೆಗಳನ್ನು ಅದೇ ರೀತಿಯಲ್ಲಿ ಬಿಸಿಲಿಗೆ ಹರಡಿ ನಿಲ್ಲುತ್ತದೆ. ಇಸಬೇಲಾದ ಉರ್ಬಿನಾ ಕೊಲ್ಲಿಯಲ್ಲಿ 1954ರಲ್ಲಿ ಕಡಲತಳ ಒಮ್ಮೆಲೇ ನಾಲ್ಕು ಮೀಟರಿಗೂ ಹೆಚ್ಚು ಮೇಲೆದ್ದಿತು. ಅಂದು ನೀರಿನಡಿ ಇದ್ದ ಹವಳದ ದಿಬ್ಬಗಳು ಇಂದು ಒಣನೆಲದ ಮೇಲಿವೆ. ಪೆಂಗ್ವಿನ್‌ಗಳ ಬಗ್ಗೆ ಒಂದು ಎಚ್ಚರಿಕೆಯಿರಲಿ. ಎಲ್ ನಿನೊ ಬಂದ ವರ್ಷ ನೀರು ಬಿಸಿಯಾಗಿ ಮೀನು ಕಡಿಮೆಯಾಗುತ್ತದೆ. 1982–83 ಮತ್ತು 1997–98ರಲ್ಲಿ ಅವುಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು.

ಉತ್ತರದ ಹೆನೊವೇಸಾ ಕೆಂಪುಗಾಲಿನ ಬೂಬಿ ಮತ್ತು ಫ್ರಿಗೇಟ್ ಹಕ್ಕಿಗಳ ನೆಲೆ. ಹಕ್ಕಿಗಳಿಗಾಗಿಯೇ ಹೋಗುವವರು ಅದನ್ನು ಒಳಗೊಂಡ ಮಾರ್ಗ ಹುಡುಕಬೇಕು, ಆದರೆ ಅಲ್ಲಿಗೆ ರಾತ್ರಿಯಿಡೀ ತೆರೆದ ಕಡಲಿನ ಪಯಣವಿದೆ. ನಡುವಿನ ಸಾಂಟಿಯಾಗೊ ದ್ವೀಪದ ಸಲಿವನ್ ಕೊಲ್ಲಿಯಲ್ಲಿ 19ನೆಯ ಶತಮಾನದ ಕೊನೆಯ ಲಾವಾಹಾಸು ಹಗ್ಗ ಸುತ್ತಿಟ್ಟಂತೆ ಸುರುಳಿ ಸುರುಳಿಯಾಗಿ ಬಿದ್ದಿದೆ. ಅದರ ಬಿರುಕುಗಳಲ್ಲಿ ಅಲ್ಲೊಂದು ಇಲ್ಲೊಂದು ಗೇಣುದ್ದದ ಲಾವಾ ಕಳ್ಳಿ. ಎರೆಮಣ್ಣಿನ ಮೊದಲ ದಿನ ಹೀಗಿದ್ದಿರಬೇಕು ಎಂದು ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ.

ಮೂರನೆಯ ಹೆಜ್ಜೆ: ಹಡಗು

ಇಲ್ಲಿ 100ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗುಗಳಿಗೆ ಪರವಾನಗಿಯಿಲ್ಲ; ಹಲವು ಹಡಗುಗಳು 16 ಜನರವು. ದಡಕ್ಕಿಳಿಯುವಾಗ 16 ಜನರಿಗೆ ಒಬ್ಬ ಪರವಾನಗಿ ಪಡೆದ ಮಾರ್ಗದರ್ಶಿ ಇರಲೇಬೇಕು, ಅವರಿಲ್ಲದೆ ಯಾರೂ ಕಾಲಿಡುವಂತಿಲ್ಲ. ದೊಡ್ಡ ಹಡಗು ಕಡಿಮೆ ತೂಗಾಡುತ್ತದೆ, ಕೆಲವದರಲ್ಲಿ ವೈದ್ಯರೂ ಇರುತ್ತಾರೆ. ಚಿಕ್ಕದರಲ್ಲಿ ದಡಕ್ಕಿಳಿಯುವುದು ಬೇಗ, ಗದ್ದಲ ಕಡಿಮೆ. ಎರಡು ಒಡಲಿನ ಕ್ಯಾಟಮರಾನ್ ಅಕ್ಕಪಕ್ಕಕ್ಕೆ ಕಡಿಮೆ ವಾಲುತ್ತದೆ. ಯಾವುದೇ ಆದರೂ ಕೆಳ ಅಥವಾ ನಡು ಅಂತಸ್ತಿನ, ಹಡಗಿನ ನಡುಭಾಗಕ್ಕೆ ಹತ್ತಿರದ ಕೋಣೆ ಕೇಳಿ. ಮೇಲಿನ ಅಂತಸ್ತಿನ ಬಾಲ್ಕನಿ ಚಿತ್ರದಲ್ಲಿ ಚೆಂದ ಕಾಣುತ್ತದೆ, ಆದರೆ ರಾತ್ರಿ ಹೆಚ್ಚು ತೂಗುವುದು ಅದೇ.

ಖರ್ಚಿನ ಲೆಕ್ಕಕ್ಕೆ ಹಡಗಿನ ದರ ಒಂದು ಭಾಗ ಮಾತ್ರ. ಉದ್ಯಾನದ ಪ್ರವೇಶ ಶುಲ್ಕವು 2024ರ ಆಗಸ್ಟ್ 1ರಿಂದ ವಿದೇಶಿ ವಯಸ್ಕರಿಗೆ 200 ಡಾಲರ್, 12 ವರ್ಷದೊಳಗಿನ ಮಕ್ಕಳಿಗೆ 100 ಡಾಲರ್ ಆಗಿದೆ; ಇದಲ್ಲದೆ ದ್ವೀಪಗಳಿಗೆ ಹೋಗುವ ವಿಮಾನ ಹತ್ತುವ ಮೊದಲು 20 ಡಾಲರ್‌ನ ಸಂಚಾರ ನಿಯಂತ್ರಣ ಚೀಟಿ ಕೊಳ್ಳಬೇಕು. ಎರಡಕ್ಕೂ ನಗದು ಇಟ್ಟುಕೊಳ್ಳಿ. ಈಕ್ವೆಡಾರ್‌ನ ಚಲಾವಣೆಯ ನಾಣ್ಯ 2000ನೆಯ ಇಸವಿಯಿಂದ ಅಮೆರಿಕದ ಡಾಲರ್ ಆಗಿರುವುದರಿಂದ ಮತ್ತೊಮ್ಮೆ ಬದಲಾಯಿಸುವ ತೊಂದರೆಯಿಲ್ಲ. ಸಣ್ಣ ನೋಟುಗಳನ್ನೇ ಹೆಚ್ಚು ಒಯ್ಯಿರಿ. ಹಡಗಿನ ಸಿಬ್ಬಂದಿಗೆ ಮತ್ತು ಮಾರ್ಗದರ್ಶಿಗೆ ಕೊನೆಯ ದಿನ ಕೊಡುವ ಭಕ್ಷೀಸು, ರಬ್ಬರಿನ ಈಜುಡುಪಿನ ಬಾಡಿಗೆ, ಎಲ್ಲಕ್ಕಿಂತ ಮುಖ್ಯವಾಗಿ ತುರ್ತು ಸಾಗಣೆಯನ್ನೂ ಒಳಗೊಂಡ ವೈದ್ಯಕೀಯ ವಿಮೆ, ಇವುಗಳನ್ನು ಮರೆಯಬಾರದು. ಏಜೆಂಟರ ಮೂಲಕ ಹೋದರೆ ವಿದೇಶ ಪ್ರವಾಸದ ಮೊತ್ತದ ಮೇಲೆ ಟಿಸಿಎಸ್ ಎಂಬ, ಮೂಲದಲ್ಲೇ ಸಂಗ್ರಹಿಸುವ ತೆರಿಗೆ ಹಿಡಿಯುತ್ತಾರೆ; ಅದರ ರಸೀದಿಯನ್ನು ಆದಾಯ ತೆರಿಗೆ ರಿಟರ್ನ್ ತುಂಬುವವರೆಗೆ ಜೋಪಾನ ಮಾಡಿ.

ನಾಲ್ಕನೆಯ ಹೆಜ್ಜೆ: ಕಾಗದಪತ್ರ, ಲಸಿಕೆ, ದಾರಿ

ಪಾಸ್‌ಪೋರ್ಟ್‌ಗೆ ಪ್ರವಾಸದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಈಕ್ವೆಡಾರ್ 2019ರಲ್ಲಿ ಭಾರತೀಯರಿಗೆ ವೀಸಾ ಕಡ್ಡಾಯ ಮಾಡಿತು. ವೀಸಾ ನಿಯಮ ಬದಲಾಗುತ್ತಲೇ ಇರುವುದರಿಂದ ಹಡಗಿಗೆ ಹಣ ಕಟ್ಟುವ ಮೊದಲೇ ಅವರ ವಿದೇಶಾಂಗ ಇಲಾಖೆಯ ಜಾಲತಾಣದಲ್ಲಿ ನೋಡಿ. ಭಾರತದಿಂದ ಅಲ್ಲಿಗೆ ನೇರ ವಿಮಾನವಿಲ್ಲ. ಯೂರೋಪಿನ ಮೂಲಕವೋ ಅಮೆರಿಕದ ಮೂಲಕವೋ ಹೋಗಬೇಕು. ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು. ಯೂರೋಪಿನ ಕೆಲವು ದೇಶಗಳು ವಿಮಾನ ನಿಲ್ದಾಣದ ಒಳಗೇ ಕಾಯುವುದಕ್ಕೂ ವೀಸಾ ಕೇಳುತ್ತವೆ. ಟಿಕೆಟ್ ಅಗ್ಗವೆಂದು ಕೊಂಡು ಆಮೇಲೆ ಈ ತೊಡಕಿಗೆ ಸಿಕ್ಕಿಕೊಳ್ಳಬೇಡಿ.

ಹಳದಿ ಜ್ವರದ ಲಸಿಕೆಯನ್ನು ನಮ್ಮವರು ಬಹಳಷ್ಟು ಜನ ಕಡೆಗಣಿಸುತ್ತಾರೆ. ಗಲಾಪಗೋಸ್ ದ್ವೀಪಗಳಲ್ಲಿ ಆ ರೋಗವಿಲ್ಲ, ಆದರೆ ಈಕ್ವೆಡಾರ್ ದೇಶವು ಭಾರತ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟು ಆರು ದಿನಗಳ ಒಳಗೆ ಇಲ್ಲಿ ಇಳಿಯುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರಕ್ಕೆ ಮಾನ್ಯತೆ ಬರುತ್ತದೆ, ಬಂದ ಮೇಲೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕುತ್ತಾರೆ. ಬೆಂಗಳೂರು ಮತ್ತು ಮುಂಬಯಿಯಲ್ಲಿ ಅವು ಇವೆ, ದಿನ ಗೊತ್ತುಮಾಡಿಕೊಂಡೇ ಹೋಗಬೇಕು. ಅರವತ್ತು ದಾಟಿದವರು ಮತ್ತು ಮೊಟ್ಟೆಯ ಅಲರ್ಜಿ ಇರುವವರು ಮೊದಲು ತಮ್ಮ ವೈದ್ಯರನ್ನು ಕೇಳುವುದು ಅಗತ್ಯ.

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಅಥವಾ ವಿಜಯಪುರ, ಬಾಗಲಕೋಟೆಗಳಿಂದ ರೈಲು ಬಸ್ಸಿನಲ್ಲಿ ಮಹಾನಗರ ತಲುಪಿ, ಅಲ್ಲಿಂದ ವಿದೇಶದ ವಿಮಾನ ಹಿಡಿದು ಈಕ್ವೆಡಾರ್‌ನ ರಾಜಧಾನಿ ಕ್ವಿಟೊ ಮುಟ್ಟುವ ಹೊತ್ತಿಗೆ ಎರಡು ದಿನ ಸರಿಯಾಗಿ ಕಳೆದಿರುತ್ತದೆ. ಕ್ವಿಟೊ ನಗರ ಸಮುದ್ರಮಟ್ಟದಿಂದ ಸುಮಾರು 2850 ಮೀಟರ್ ಎತ್ತರದಲ್ಲಿದೆ, ನಮ್ಮ ವಿಜಯಪುರ 600 ಮೀಟರ್ ಆಸುಪಾಸಿನಲ್ಲಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ ಕಡಲಮಟ್ಟದ ಗ್ವಾಯಕಿಲ್ ನಗರದಲ್ಲಿ ತಂಗುವುದು ಮೇಲು. ಎಲ್ಲಿಯೇ ಆದರೂ ಹಡಗು ಹತ್ತುವ ದಿನಕ್ಕಿಂತ ಎರಡು ದಿನ ಮೊದಲು ತಲುಪಿ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ. ಅದು ಯಾವ ತಾಣಕ್ಕೆ ಯಾವ ಹೊತ್ತಿಗೆ ಹೋಗಬೇಕೆಂಬುದು ಉದ್ಯಾನದ ಆಡಳಿತ ಕೊಟ್ಟ ವೇಳಾಪಟ್ಟಿಯಂತೆಯೇ ನಡೆಯುತ್ತದೆ.

ಐದನೆಯ ಹೆಜ್ಜೆ: ಬುತ್ತಿ ಮತ್ತು ಬೀಜ

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಅಮೀನಗಡದ್ದೋ ಗೋಕಾಕದ್ದೋ ಕರದಂಟು ಇಲ್ಲದೆ ನಮ್ಮವರ ಪ್ರವಾಸದ ಗಂಟು ಕಟ್ಟುವುದಿಲ್ಲ. ದ್ವೀಪಗಳ ವಿಮಾನ ಹತ್ತುವ ಮೊದಲು ಎಲ್ಲ ಸಾಮಾನನ್ನೂ ಜೈವಿಕ ಸುರಕ್ಷತೆಯ ತಪಾಸಣೆಗೆ ಒಡ್ಡಬೇಕು. ಹಸಿ ಹಣ್ಣು, ತರಕಾರಿ, ಕಾಳು, ಬೀಜ, ಮಣ್ಣು ಹತ್ತಿದ ಯಾವುದೂ ಒಳಗೆ ಹೋಗಬಾರದು. ಹುರಿದು ಪುಡಿಮಾಡಿದ, ಮೊಹರು ಮಾಡಿದ ಪೊಟ್ಟಣಗಳಿದ್ದರೆ ಮುಚ್ಚಿಡದೆ ನಮೂನೆಯಲ್ಲಿ ಬರೆದು ತೋರಿಸಿ, ಅಧಿಕಾರಿ ತೆಗೆದಿಡಿ ಎಂದರೆ ತೆಗೆದಿಡಿ. ನಾವು ನಮ್ಮ ಬುತ್ತಿಯನ್ನು ಕ್ವಿಟೊದಲ್ಲೇ ಮುಗಿಸಿದೆವು. ಹಡಗಿನ ಅಡಿಗೆಯವರು ಅನ್ನ, ಬೇಳೆ, ಬಾಳೆಕಾಯಿ, ಆಲೂಗಡ್ಡೆಗಳಲ್ಲಿ ಸಸ್ಯಾಹಾರ ಮಾಡಿಕೊಡುತ್ತಾರೆ. ಆದರೆ ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡವೆಂಬುದನ್ನು ಕಾಯ್ದಿರಿಸುವಾಗಲೇ ಒಂದೊಂದಾಗಿ ಬರೆದು ತಿಳಿಸಬೇಕು. ಬರೀ ಸಸ್ಯಾಹಾರಿ ಎಂದರೆ ಮೀನು ಬಡಿಸುವ ಸಾಧ್ಯತೆಯಿದೆ.

ಈ ತಪಾಸಣೆಯನ್ನು ಕಿರಿಕಿರಿ ಎಂದುಕೊಳ್ಳುವವರು ನಮ್ಮ ಹೊಲದ ಬದುಗಳನ್ನು ನೆನೆಯಲಿ. ಹೊರಗಿನಿಂದ ಬಂದ ಬಳ್ಳಾರಿ ಜಾಲಿ ಮತ್ತು ಕಾಂಗ್ರೆಸ್ ಕಸ ನಮ್ಮ ಹುಲ್ಲುಗಾವಲುಗಳನ್ನು ಹೇಗೆ ನುಂಗಿದವೆಂಬುದನ್ನು ಇಲ್ಲಿನ ಪ್ರತಿಯೊಬ್ಬ ರೈತರೂ ಬಲ್ಲರು. ಗಲಾಪಗೋಸ್‌ನಲ್ಲಿ ಪೇರಲ ಗಿಡವೇ ಅಂಥ ಕಳೆಯಾಗಿದೆ. ಮನುಷ್ಯರು ತಂದುಬಿಟ್ಟ ಆಡುಗಳು ಇಸಬೇಲಾ ಮತ್ತು ಸಾಂಟಿಯಾಗೊ ದ್ವೀಪಗಳಲ್ಲಿ ದೈತ್ಯ ಆಮೆಗಳ ಮೇವನ್ನೆಲ್ಲ ಬರಿದು ಮಾಡಿದ್ದರಿಂದ, 1997ರಿಂದ 2006ರವರೆಗಿನ ಯೋಜನೆಯೊಂದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಡುಗಳನ್ನು ಕೊಲ್ಲಬೇಕಾಯಿತು. ಪಿಂಟಾ ದ್ವೀಪದ ಆಮೆಗಳಲ್ಲಿ ಕೊನೆಯದಾಗಿದ್ದ, ಒಂಟಿ ಜಾರ್ಜ್ ಎಂದು ಹೆಸರಾಗಿದ್ದ ಗಂಡು 2012ರ ಜೂನ್ 24ರಂದು ತೀರಿಕೊಂಡಿತು. ಎಸ್ಪಾನ್ಯೋಲಾದಲ್ಲಿ ಉಳಿದಿದ್ದ ಕೆಲವೇ ಆಮೆಗಳಿಂದ ಸಂತತಿ ಬೆಳೆಸಿ ಅವನ್ನು ದ್ವೀಪಕ್ಕೆ ಮರಳಿಸಲು ದಶಕಗಳೇ ಹಿಡಿದವು. ಊರು ಬಿಡುವ ಮೊದಲು ಬೂಟಿನ ತಳವನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಪ್ಯಾಂಟಿನ ಮಡಿಕೆ, ಕಾಲುಚೀಲ, ಬ್ಯಾಗಿನ ಹೊಲಿಗೆಗಳಲ್ಲಿ ಉತ್ತರಾಣಿಯ ಬೀಜವೋ ನೆಗ್ಗಿಲ ಮುಳ್ಳೋ ಸಿಕ್ಕಿದೆಯೇ ಎಂದು ಬೆರಳಾಡಿಸಿ ನೋಡಿ. ನನ್ನ ಬೂಟಿನ ಲೇಸಿನಲ್ಲೇ ಎರಡು ಉತ್ತರಾಣಿ ಬೀಜಗಳಿದ್ದವು.

ಆರನೆಯ ಹೆಜ್ಜೆ: ಮೂರು ತಿಂಗಳ ಅಭ್ಯಾಸ

ನಿತ್ಯ ಎರಡು ಬಾರಿ ದಡಕ್ಕಿಳಿದು ಒಂದೆರಡು ಗಂಟೆ ನಡೆಯುವುದಿರುತ್ತದೆ. ದಾರಿ ದೂರವಲ್ಲ, ಆದರೆ ಉರುಟು ಕಲ್ಲುಗಳ ಮೇಲೆ ಹೆಜ್ಜೆಯಿಡಬೇಕು. ಹಡಗಿನಿಂದ ಪಾಂಗಾ ಎನ್ನುವ ರಬ್ಬರಿನ ಚಿಕ್ಕ ದೋಣಿಗೆ ಇಳಿಯುವಾಗ ಕೈಕೈ ಹಿಡಿಯದೆ ಒಬ್ಬರ ಮುಂಗೈಯನ್ನು ಇನ್ನೊಬ್ಬರು ಬಿಗಿಯಾಗಿ ಹಿಡಿಯುವುದು ಅಲ್ಲಿನ ರೂಢಿ. ಕೆಲವೆಡೆ ಕಲ್ಲಿನ ಮೇಲೆ ನೇರವಾಗಿ ಕಾಲಿಡಬಹುದು, ಕೆಲವೆಡೆ ಮೊಣಕಾಲುದ್ದ ನೀರಿಗೆ ಇಳಿದು ದಡ ಸೇರಬೇಕು. ಆದ್ದರಿಂದ ಸೀರೆ, ಧೋತರಗಳಿಗಿಂತ ಬೇಗ ಒಣಗುವ ಪ್ಯಾಂಟು ಅನುಕೂಲ.

ನೀರಿನಡಿ ನೋಡುವುದು ಈ ಪ್ರವಾಸದ ಅರ್ಧ ಭಾಗ. ಈಜು ಬಾರದವರು ಊರಿನ ಈಜುಕೊಳದಲ್ಲಿ ತರಬೇತುದಾರರ ಎದುರು ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರು ನಳಿಗೆ ಹಾಕಿಕೊಂಡು ಬೋರಲಾಗಿ ತೇಲುವುದನ್ನಾದರೂ ಕಲಿಯಿರಿ. ಕೃಷ್ಣೆ, ಘಟಪ್ರಭೆಗಳ ಹೊಳೆಯಲ್ಲಿ ಇದರ ಅಭ್ಯಾಸಕ್ಕೆ ಹೋಗಬೇಡಿ. ಹಡಗಿನಲ್ಲಿ ತೇಲುಜಾಕೀಟು ಕೊಡುತ್ತಾರೆ. ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಬಾರಿ ನೀರಿಗಿಳಿದ ನನ್ನ ಹೆಂಡತಿ ಆ ಜಾಕೀಟು ತೊಟ್ಟುಕೊಂಡೇ ಕಡಲಾಮೆಯೊಂದು ಪಾಚಿ ಮೇಯುವುದನ್ನು ಕಾಲು ಗಂಟೆ ನೋಡಿದಳು. ತಂಪಿನ ಕಾಲದಲ್ಲಿ ಹೋಗುವವರಿಗೆ ರಬ್ಬರಿನ ಈಜುಡುಪು ಬೇಕೇ ಬೇಕು.

ಹಕ್ಕಿ ನೋಡುವ ಕಣ್ಣನ್ನು ಇಲ್ಲಿಯೇ ಸಾಣೆ ಹಿಡಿಯಬಹುದು. ಚಳಿಗಾಲದಲ್ಲಿ ಆಲಮಟ್ಟಿಯ ಹಿನ್ನೀರಿಗೆ ರಾಜಹಂಸಗಳು ಬರುತ್ತವೆ, ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮವಿದೆ, ಬೀಳಗಿ ಕಡೆಯ ಯಡಹಳ್ಳಿಯಲ್ಲಿ ಚಿಂಕಾರ ಧಾಮವಿದೆ. ಅಲ್ಲಿ ಒಂದೇ ಜಾಗದಲ್ಲಿ ಒಂದು ಗಂಟೆ ಕೂತು, ಒಂದೇ ಹಕ್ಕಿ ಏನೇನು ಮಾಡಿತೆಂದು ಬರೆದುಕೊಳ್ಳುವ ರೂಢಿ ಹಾಕಿಕೊಂಡರೆ ಗಲಾಪಗೋಸ್‌ನಲ್ಲಿ ಕಾಣುವುದು ಎರಡರಷ್ಟಾಗುತ್ತದೆ. ಎಂಟು ಪಟ್ಟು ಹಿಗ್ಗಿಸುವ ಸಾಧಾರಣ ದುರ್ಬೀನು ಸಾಕು, ಹೆಚ್ಚು ಬಲದ್ದು ತೂಗುವ ದೋಣಿಯಲ್ಲಿ ನಡುಗುತ್ತದೆ.

ಕ್ಯಾಮೆರಾ ಇರುವವರಿಗೆ ಒಂದು ಸೂಚನೆ. ಕರಿಲಾವಾದ ಮೇಲೆ ಕರಿ ಇಗ್ವಾನಾ ಕೂತಿದ್ದರೆ ಯಂತ್ರವು ಎಲ್ಲವನ್ನೂ ಬೂದುಬಣ್ಣಕ್ಕೆ ತರಲು ಹೋಗಿ ಚಿತ್ರವನ್ನು ಅಗತ್ಯಕ್ಕಿಂತ ಬೆಳ್ಳಗೆ ಮಾಡುತ್ತದೆ. ಬೆಳಕಿನ ಹೊಂದಾಣಿಕೆಯನ್ನು ಅರ್ಧದಿಂದ ಒಂದು ಮಟ್ಟ ಇಳಿಸಬೇಕು. ಅದೇ ಬಂಡೆಯ ಮೇಲೆ ಬಿಳಿ ಹಕ್ಕಿಯಿದ್ದರೆ ಇನ್ನೂ ಸ್ವಲ್ಪ ಇಳಿಸದಿದ್ದರೆ ಗರಿಗಳ ವಿವರ ಅಳಿಸಿಹೋಗುತ್ತದೆ. ಫ್ಲಾಶ್ ಮತ್ತು ಡ್ರೋನ್ ನಿಷೇಧವಿದೆ. ಅಲ್ಲಿನ ವಿದ್ಯುತ್ತು 110ರಿಂದ 120 ವೋಲ್ಟ್, ಪ್ಲಗ್ಗಿನ ಕಡ್ಡಿಗಳು ಚಪ್ಪಟೆ. ನಮ್ಮ ಚಾರ್ಜರ್‌ಗೆ ಅಡಾಪ್ಟರ್ ಬೇಕು.

ಏಳನೆಯ ಹೆಜ್ಜೆ: ಹಡಗಿನ ಮೇಲೆ ಮತ್ತು ದಡದಲ್ಲಿ

ಹಡಗು ಹೆಚ್ಚಾಗಿ ರಾತ್ರಿ ಚಲಿಸಿ ಬೆಳಗಾಗುವುದರೊಳಗೆ ಮುಂದಿನ ದ್ವೀಪ ಮುಟ್ಟುತ್ತದೆ. ವಾಂತಿಯ ಮಾತ್ರೆಯನ್ನು ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಉಪಯೋಗವಿಲ್ಲ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಯಾವುದು ತಮಗೆ ಸರಿಹೊಂದುತ್ತದೆಂದು ಊರಿನಲ್ಲೇ ವೈದ್ಯರಿಂದ ಬರೆಸಿಕೊಳ್ಳಿ. ಹಸಿಹೊಟ್ಟೆಯಲ್ಲಿರಬೇಡಿ, ಒಳಗೆ ಮುದುರಿ ಮಲಗುವುದಕ್ಕಿಂತ ಹೊರಗೆ ಬಂದು ದಿಗಂತದ ಗೆರೆಯನ್ನು ನೋಡುತ್ತ ಕೂಡಿರಿ.

ದಡದಲ್ಲಿ ಗುರುತು ಹಾಕಿದ ದಾರಿ ಬಿಡುವಂತಿಲ್ಲ, ಪ್ರಾಣಿಗಳಿಂದ ಎರಡು ಮೀಟರ್ ದೂರವಿರಬೇಕು, ಮುಟ್ಟುವಂತಿಲ್ಲ, ತಿನಿಸುವಂತಿಲ್ಲ. ಕಷ್ಟವೆಂದರೆ ಈ ನಿಯಮ ಪ್ರಾಣಿಗಳಿಗೆ ಗೊತ್ತಿಲ್ಲ. ಕಡಲ ಸಿಂಹದ ಮರಿ ಬಂದು ಬೂಟು ಮೂಸುತ್ತದೆ. ಆಗ ಕೈ ಚಾಚದೆ ನಿಧಾನವಾಗಿ ಹಿಂದೆ ಸರಿಯಬೇಕು; ತಾಯಿ ತನ್ನ ಮರಿಯನ್ನು ಗುರುತಿಸುವುದು ವಾಸನೆಯಿಂದ, ನಮ್ಮ ಕೈಯ ವಾಸನೆ ಅದಕ್ಕೆ ಅಂಟಬಾರದು.

ಬೇಗ ಬೇಗ ನಡೆಯುವ ಗುಂಪಿನ ಕೊನೆಯಲ್ಲಿ ಇರಿ. ಒಂದು ಕಡಲ ಇಗ್ವಾನಾದ ಎದುರು ಹತ್ತು ನಿಮಿಷ ನಿಂತರೆ ಬಹಳಷ್ಟು ತಿಳಿಯುತ್ತದೆ. ನಮ್ಮ ಉಡದಷ್ಟು ದಪ್ಪದ, ಬೆನ್ನುದ್ದಕ್ಕೂ ಮುಳ್ಳಿನ ಸಾಲಿರುವ ಇದು ಕಡಲಿಗೆ ಮುಳುಗಿ ಪಾಚಿ ಮೇಯುವ ಏಕೈಕ ಹಲ್ಲಿ. ತಣ್ಣೀರಿನಿಂದ ಮೇಲೆ ಬಂದು ಬಂಡೆಗೆ ಹೊಟ್ಟೆ ಒತ್ತಿ ಮಲಗುತ್ತದೆ. ಸ್ವಲ್ಪ ಹೊತ್ತಿಗೆ ತಲೆ ಕುಲುಕಿ ಮೂಗಿನಿಂದ ಚಿರ್ರೆಂದು ನೀರು ಚಿಮ್ಮಿಸುತ್ತದೆ. ಮೈಯೊಳಗೆ ಸೇರಿದ ಹೆಚ್ಚಿನ ಉಪ್ಪನ್ನು ಗ್ರಂಥಿಯೊಂದು ಸೋಸಿ ಹೊರಹಾಕುವ ಬಗೆ ಅದು. ಆ ಹನಿಗಳು ಅದರ ನೆತ್ತಿಯ ಮೇಲೆಯೇ ಬಿದ್ದು ಒಣಗಿ ಬಿಳಿ ಉಪ್ಪಿನ ಟೋಪಿಯಂತೆ ಗಟ್ಟಿಯಾಗುತ್ತವೆ. ನಾನು ನೋಡುತ್ತಿದ್ದ ಒಂದರ ಬಲಗಣ್ಣಿನ ಮೇಲಿನ ಉಪ್ಪಿನ ಚಕ್ಕೆಯನ್ನು ಒಂದು ಪುಟ್ಟ ಲಾವಾಹಲ್ಲಿ ಹತ್ತಿ ದಾಟಿ ನೊಣ ಹಿಡಿಯಿತು, ಇಗ್ವಾನಾ ಕಣ್ಣು ಕೂಡ ಮಿಟುಕಿಸಲಿಲ್ಲ. ಮೇವಿಲ್ಲದ ಎಲ್ ನಿನೊ ವರ್ಷಗಳಲ್ಲಿ ಇವುಗಳ ಮೈಯುದ್ದವೇ ಕುಗ್ಗುತ್ತದೆ.

ನೋಡಲು ಕಠಿಣವಾದದ್ದೂ ಎದುರಾಗುತ್ತದೆ, ಅದಕ್ಕೆ ಮನಸ್ಸು ಸಿದ್ಧವಿರಲಿ. ಆಲ್ಬಟ್ರಾಸ್ ಇಲ್ಲದ ಅದೇ ಪುಂತಾ ಸುವಾರೆಜ್‌ನಲ್ಲಿ ನಾಜ್ಕಾ ಬೂಬಿಗಳು ಮರಿ ಮಾಡಿದ್ದವು. ಈ ಹಕ್ಕಿ ಕೆಲವು ದಿನಗಳ ಅಂತರದಲ್ಲಿ ಎರಡು ಮೊಟ್ಟೆ ಇಡುತ್ತದೆ. ಎರಡೂ ಒಡೆದರೆ ಮೊದಲ ಮರಿ ಎರಡನೆಯದನ್ನು ಗೂಡಿನಿಂದ ಆಚೆ ತಳ್ಳುತ್ತದೆ. ದಾರಿಯಿಂದ ಮೂರು ಹೆಜ್ಜೆ ಆಚೆ, ರೋಮವಿಲ್ಲದ ಮರಿಯೊಂದು ಬಿಸಿಲಿನಲ್ಲಿ ಕತ್ತು ಎತ್ತಲಾರದೆ ಹೊರಳುತ್ತಿತ್ತು. ತಾಯಿ ಹಕ್ಕಿ ಒಂದು ಗೇಣಿನಾಚೆ ಕೂತು ಇನ್ನೊಂದು ಮರಿಗೆ ನೆರಳು ಕೊಡುತ್ತಿತ್ತು. ಎತ್ತಿ ಗೂಡಿಗೆ ಇಡಬಹುದಲ್ಲವೇ ಎಂದು ನನ್ನ ಹೆಂಡತಿ ಕೇಳಿದಳು. ಮಾರ್ಗದರ್ಶಿ ತಲೆಯಾಡಿಸಿ, ಎರಡನೆಯ ಮೊಟ್ಟೆ ಇರುವುದು ಮೊದಲನೆಯದು ಒಡೆಯದೇ ಹೋದರೆಂಬ ಭಯಕ್ಕೆ, ಇಬ್ಬರನ್ನು ಸಾಕುವಷ್ಟು ಮೀನು ಈ ಹಕ್ಕಿಗೆ ಸಿಗುವುದಿಲ್ಲ ಎಂದರು. ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದ ಪಾಠವದು. ಅಂದು ಮಧ್ಯಾಹ್ನ ಊಟದ ಮೇಜಿನಲ್ಲಿ ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ.

ಸಂಜೆ ಆರರೊಳಗೆ ಎಲ್ಲರೂ ಹಡಗಿಗೆ ಮರಳಬೇಕು. ರಾತ್ರಿ ಮರುದಿನದ ಬಗ್ಗೆ ಮಾರ್ಗದರ್ಶಿ ಕೊಡುವ ವಿವರಣೆ ಇಂಗ್ಲಿಷ್ ಅಥವಾ ಸ್ಪ್ಯಾನಿಷ್‌ನಲ್ಲಿರುತ್ತದೆ. ಮನೆಯ ಹಿರಿಯರು ಜೊತೆಗಿದ್ದರೆ ಅದನ್ನು ಕನ್ನಡದಲ್ಲಿ ಹೇಳಿ ಅವರಿಗೂ ಪಾಲು ಕೊಡಿ. ದಿನದ ಟಿಪ್ಪಣಿಯನ್ನು ಮಲಗುವ ಮೊದಲೇ ಬರೆಯಿರಿ. ಮೂರನೆಯ ದಿನದ ಹೊತ್ತಿಗೆ ಯಾವ ಹಕ್ಕಿ ಯಾವ ದ್ವೀಪದ್ದೆಂಬುದು ಕಲಸಿಹೋಗುತ್ತದೆ.

ಮರಳುವಾಗ

ಒಂದು ಚಿಪ್ಪು, ಒಂದು ಹರಳು, ಒಂದು ಹಿಡಿ ಮರಳನ್ನೂ ತರುವಂತಿಲ್ಲ. ಬೂಟಿನೊಳಗೆ ಉಳಿದ ಕಪ್ಪು ಮರಳನ್ನು ಪ್ರತಿ ದ್ವೀಪದ ದಡದಲ್ಲೇ ಕೊಡವಿ. ಒಂದು ದ್ವೀಪದ ಬೀಜ ಮತ್ತೊಂದಕ್ಕೆ ಹೋಗದಿರಲೆಂದು ಹಡಗಿನವರು ಹತ್ತುವಾಗ ಕಾಲಿಗೆ ನೀರು ಹಾಯಿಸುವುದೂ ಅದಕ್ಕಾಗಿಯೇ. ಹಳದಿ ಜ್ವರದ ಲಸಿಕೆಯ ಪುಸ್ತಿಕೆಯನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ ಪಾಸ್‌ಪೋರ್ಟ್ ಜೊತೆಯಲ್ಲೇ ಇಟ್ಟುಕೊಳ್ಳಿ, ಇಲ್ಲಿ ವಲಸೆ ವಿಭಾಗಕ್ಕೂ ಮೊದಲು ಆರೋಗ್ಯ ಅಧಿಕಾರಿಗಳು ಅದನ್ನು ಕೇಳಬಹುದು. ದ್ವೀಪಗಳ ಗಡಿಯಾರ ನಮ್ಮದಕ್ಕಿಂತ ಹನ್ನೊಂದೂವರೆ ಗಂಟೆ ಹಿಂದೆ. ಊರಿಗೆ ಬಂದ ಮೇಲೆ ನಿದ್ದೆ ಸರಿಹೋಗಲು ನಾಲ್ಕೈದು ದಿನ ಬೇಕಾಗುವುದರಿಂದ, ಕೆಲಸಕ್ಕೆ ಹೋಗುವವರು ಅಷ್ಟು ರಜೆಯನ್ನು ಮೊದಲೇ ಸೇರಿಸಿ ಬರೆದುಕೊಡಿ.